ಸ್ಪ್ಯಾನಿಷ್ ಫಿಟ್ಟರನ ಮುಂದೆ ಐದು ದಿನ

ಆ ಪ್ರೆಸ್ಸಿನ ಬೈಂಡಿಂಗ್ ಹಾಲಿನಲ್ಲಿ ಯಾರೂ ಯಾರನ್ನೂ ಪ್ರಶ್ನೆ ಕೇಳುತ್ತಿರಲಿಲ್ಲ. ಪುಸ್ತಕದ ಹದಿನಾರು ಪುಟಗಳ ಮಡಿಕೆಗೆ ಅಲ್ಲಿ ಫಾರಂ ಎನ್ನುತ್ತಾರೆ. ಫಾರಂನ ಹೊಲಿಗೆ ಕೆಟ್ಟರೆ ಅದನ್ನು ತೆಗೆದುಕೊಂಡು ಹೋಗಿ ಹಿರಿಯರ ಮೇಜಿನ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತರೆ ಆಯಿತು. ಹಿರಿಯರು ಕನ್ನಡಕ ಮೂಗಿನ ತುದಿಗೆ ಇಳಿಸಿ ಅದನ್ನು ತಿರುಗಿಸಿ ನೋಡುವರು. ‘ದಾರ ಜಾಸ್ತಿ ಎಳೆದಿದ್ದೀಯ, ಸಡಿಲ ಬಿಡಬೇಕಿತ್ತು’ ಎನ್ನುವರು. ಅಷ್ಟೇ. ‘ಇದ್ಯಾಕೆ ಹೀಗಾಯ್ತು?’ ಎಂದು ಬಾಯಿಬಿಟ್ಟು ಕೇಳುವುದೆಂದರೆ ದೊಡ್ಡವರ ಮುಂದೆ ಕಾಲು ಚಾಚಿ ಕೂತಷ್ಟೇ ಒರಟುತನ.

ದಾರದಕ್ಕ ಕೆಲಸ ಕಲಿತದ್ದು ಹಾಗೆಯೇ. ಇಪ್ಪತ್ತೆಂಟು ವರ್ಷದಲ್ಲಿ ಆಕೆ ಕೆಲಸ ಕಲಿಸಿದ ಹೆಂಗಸರೂ ಹಾಗೆಯೇ ಕಲಿತಿದ್ದರು. ಹೊಲಿಗೆ ಮೇಜಿನ ಮೇಲುಸ್ತುವಾರಿ ಆಕೆಯದು. ಕಾಗದವನ್ನು ಬೆರಳಿನಲ್ಲಿ ಉಜ್ಜಿ ನೋಡಿ ಇದಕ್ಕೆ ಎಂಥ ದಾರ ಬೇಕೆಂದು ಹೇಳಬಲ್ಲವಳು ಎಂಬ ಕಾರಣಕ್ಕೆ ಆ ಹೆಸರು ಬಿದ್ದು, ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಅಂಥ ಹಾಲಿಗೆ ಒಂದು ಸೋಮವಾರ ಹೊಲಿಗೆ ಯಂತ್ರ ಬಂತು. ಸ್ಪೇನಿನಲ್ಲಿ ತಯಾರಾದದ್ದು. ಅದನ್ನು ಕೂಡಿಸಿ ಕೊಡಲು ಜೊತೆಯಲ್ಲೇ ಒಬ್ಬ ಫಿಟ್ಟರ್ ಬಂದ. ಐವತ್ತರ ಆಸುಪಾಸಿನ ಮನುಷ್ಯ, ದಪ್ಪ ಹುಬ್ಬು, ಮಡಚಿದ ತೋಳು. ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಮೊದಲ ದಿನ ಒಬ್ಬಳು ದುಭಾಷಿ ಹುಡುಗಿ ಜೊತೆಗಿದ್ದಳು. ಪೆಟ್ಟಿಗೆ ಬಿಚ್ಚಿಸಿ, ಕರೆಂಟು ಕೊಡಿಸಿ, ಮಾಲೀಕರಿಗೂ ಫಿಟ್ಟರನಿಗೂ ಕೈಕುಲುಕಿಸಿ, ಸಂಜೆಯೇ ಬೇರೆ ಊರಿನ ಕೆಲಸಕ್ಕೆ ಹೊರಟುಹೋದಳು.

ಮಾಲೀಕರು ದಾರದಕ್ಕನನ್ನು ಕಚೇರಿಗೆ ಕರೆದರು. ದಾರದಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು; ತಂದೆಯ ಕಾಲದಿಂದ ಇದ್ದವಳೆಂದು ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು.

“ಅಕ್ಕಾ, ಆತ ಶುಕ್ರವಾರ ಸಂಜೆ ನಾಲ್ಕಕ್ಕೆ ಹೊರಡ್ತಾನೆ. ಅಷ್ಟರಲ್ಲಿ ನೀವು ಕಲಿತುಬಿಟ್ರೆ ಯಂತ್ರ ನಿಮ್ಮ ಕೈಗೆ. ಇಲ್ಲಾಂದ್ರೆ ಸೋಮವಾರದಿಂದ ಹೊರಗಿನ ಆಪರೇಟರನ್ನ ಕರೆಸಬೇಕಾಗುತ್ತೆ.”

“ನಾನು, ಸರ್?”

“ನಿಮಗೆ ಗೋಂದಿನ ಮೇಜು ಇದ್ದೇ ಇದೆಯಲ್ಲ.”

ಗೋಂದಿನ ಮೇಜು ಎಂದರೆ ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಮೊದಲ ತಿಂಗಳು ಕೂರಿಸುವ ಜಾಗ. ದಾರದಕ್ಕ ಹೊರಗೆ ಬಂದಳು. ಆಗ ಆಕೆಯ ಕಿವಿಯ ತುದಿ ಕೆಂಪಾಗಿತ್ತೆಂದು ಕಟಿಂಗಿನವಳು ಆಮೇಲೆ ಎಲ್ಲರಿಗೂ ಹೇಳಿದಳು. ಕಟಿಂಗಿನವಳೆಂದರೆ ಕಾಗದ ಕತ್ತರಿಸುವ ಯಂತ್ರ ನಡೆಸುವವಳು. ಬಾಯಿಯೂ ಅದೇ ಯಂತ್ರದಂತೆ ಹರಿತ.

ಫೋನಿನಲ್ಲಿ ಮಾತಾಡಿದರೆ ಅದೇ ಅನುವಾದ ಮಾಡಿಕೊಡುತ್ತದೆಂದು ಎಲ್ಲರೂ ಹೇಳಿದರು. ಮಾಡಿಯೂ ನೋಡಿದರು. ಹಾಲಿನ ಸದ್ದಿಗೆ ಆ ಫೋನು ‘ದಯವಿಟ್ಟು ಇನ್ನೊಮ್ಮೆ ಹೇಳಿ’ ಎಂಬ ಮಾತನ್ನೇ ಎರಡೂ ಭಾಷೆಯಲ್ಲಿ ಹೇಳುತ್ತ ಕೂತಿತು.

“ಪಾಪ, ಅದಕ್ಕೂ ಕಲಿಯೋ ಆಸೆ,” ಎಂದಳು ಕಟಿಂಗಿನವಳು.

ಉಳಿದದ್ದು ಅಳಿಯ. ದಾರದಕ್ಕ ಮಗಳ ಮನೆಯ ಕೆಳಗಿನ ಕೋಣೆಯಲ್ಲಿದ್ದಳು. ಅಳಿಯ ಔಷಧಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಎರಡು ವರ್ಷದಿಂದ ಬಸ್ಸಿನಲ್ಲಿ ಹೋಗುತ್ತ ಬರುತ್ತ ಫೋನಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದ. ಯಾಕೆ ಕಲಿಯುತ್ತಿದ್ದಾನೆಂದು ಅವನಿಗೂ ಗೊತ್ತಿರಲಿಲ್ಲ. ಈಗ ಆ ಕಾರಣ ತಾನಾಗಿ ಮನೆ ಬಾಗಿಲಿಗೆ ಬಂದಂತಾಗಿ, ಸೋಮವಾರ ಸಂಜೆಯೇ ಊಟದ ಮೇಜಿನ ಮೇಲೆ ಬಿಳಿ ಹಾಳೆ ಹರಡಿ ಕೂತ.

“ಅತ್ತೆ, ಬೇರೆ ಭಾಷೆಯೋರ ಹತ್ರ ಪ್ರಶ್ನೆ ಕೇಳೋದೇ ಒಂದು ಕಲೆ. ಮೊದಲು ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ. ಆಮೇಲೆ ಅವರ ದೊಡ್ಡತನದ ಹೊಗಳಿಕೆ. ಆಮೇಲೆ ಪ್ರಶ್ನೆ. ಹೇಳಿ, ಪೆರ್ದೋನೆ ಕೆ ಲೆ ಮೊಲೆಸ್ತೆ.”

“ಪೆರ್ದೋನೆ… ಏನು?”

“ಕೆ ಲೆ ಮೊಲೆಸ್ತೆ. ಅಂದ್ರೆ, ತಮಗೆ ತೊಂದರೆ ಕೊಡ್ತಿರೋದಕ್ಕೆ ಕ್ಷಮಿಸಬೇಕು. ಈಗ ಸೆರಿಯಾ ಉಸ್ತೆದ್ ತಾನ್ ಅಮಾಬ್ಲೆ. ತಾವು ಅಷ್ಟೊಂದು ದಯೆ ತೋರಿಸುವಿರಾ ಅಂತ.”

“ಅಲ್ಲಪ್ಪಾ, ದಾರ ಬಿಗಿ ಮಾಡೋದು ಹೇಗೆ ಅಂತ ಕೇಳೋದಕ್ಕೆ ಇಷ್ಟೆಲ್ಲ ಬೇಕಾ?”

ಅಳಿಯ ಪೆನ್ನು ಕೆಳಗಿಟ್ಟ. ಮುಖ ಸಣ್ಣದಾಯಿತು. ಅಡುಗೆಮನೆಯಿಂದ ಮಗಳು ಕಣ್ಣಲ್ಲೇ ‘ಅಮ್ಮಾ’ ಎಂದಳು. ಅಳಿಯನ ಮನಸ್ಸು ನೋಯಿಸಿ ಅದೇ ಮನೆಯಲ್ಲಿ ಊಟ ಮಾಡುವುದು ಸುಲಭವಲ್ಲ. ದಾರದಕ್ಕ ಕನ್ನಡಕ ಸರಿ ಮಾಡಿಕೊಂಡು, “ಸರಿ, ನೀವು ಹೇಳಿದ ಹಾಗೇ ಆಗ್ಲಿ. ಪೆರ್ದೋನೆ ಕೆ ಲೆ ಮೊಲೆಸ್ತೆ,” ಎಂದಳು. ಅಳಿಯನ ಮುಖ ಮತ್ತೆ ಅಗಲವಾಯಿತು. ಹನ್ನೊಂದು ವಾಕ್ಯ ಬರೆದುಕೊಟ್ಟ. ಹನ್ನೊಂದೂ ಕ್ಷಮೆಯಿಂದಲೇ ಶುರು.

ಮಂಗಳವಾರ ಬೆಳಿಗ್ಗೆ ಯಂತ್ರ ಓಡಿತು. ದಪ್ಪ ಕಾಗದದ ಪಠ್ಯಪುಸ್ತಕ ಚೆನ್ನಾಗಿಯೇ ಹೊಲಿದುಕೊಂಡು ಬಂತು. ಹನ್ನೊಂದು ಗಂಟೆಗೆ ತೆಳು ಕಾಗದದ ನಿಘಂಟು ಹಾಕಿದಾಗ ದಾರ ಮಡಿಕೆಯನ್ನೇ ಸೀಳಿಬಿಟ್ಟಿತು. ದಾರದಕ್ಕನಿಗೆ ಕಾರಣ ಕೈಬೆರಳಿಗೇ ತಿಳಿಯಿತು. ಬಿಗಿ ಜಾಸ್ತಿ. ಆದರೆ ಯಂತ್ರದ ಪಕ್ಕದ ಮುಚ್ಚಳದ ಒಳಗೆ ಆರು ತಿರುಪುಗಳಿದ್ದವು. ಯಾವುದನ್ನು ಮೊದಲು, ಎಷ್ಟು, ಯಾವ ಕಡೆಗೆ? ಅದು ಆ ಫಿಟ್ಟರನ ತಲೆಯಲ್ಲಿತ್ತು.

ಆಕೆ ಸೀಳಿದ ಫಾರಂ ತೆಗೆದುಕೊಂಡು ಹೋಗಿ, ಅವನು ಉಪಕರಣ ಹರಡಿಕೊಂಡಿದ್ದ ಮೇಜಿನ ಮೇಲಿಟ್ಟಳು. ಒಂದು ಹೆಜ್ಜೆ ಹಿಂದೆ ಸರಿದಳು. ಕೈಕಟ್ಟಿದಳು. “ಪೆರ್ದೋನೆ ಕೆ ಲೆ ಮೊಲೆಸ್ತೆ,” ಎಂದಳು, ಒಂದೊಂದು ಅಕ್ಷರವನ್ನೂ ಒರೆಸಿ ಇಟ್ಟ ಹಾಗೆ. “ಸೆರಿಯಾ ಉಸ್ತೆದ್ ತಾನ್ ಅಮಾಬ್ಲೆ…” ಮುಂದಿನದು ಮರೆತುಹೋಯಿತು. ಪರವಾಗಿಲ್ಲ, ಫಾರಂ ಮುಂದೆಯೇ ಇದೆಯಲ್ಲ, ನೋಡಿದರೆ ತಿಳಿಯುತ್ತದೆ.

ಫಿಟ್ಟರ್ ಫಾರಂ ನೋಡಿದ. ಆಕೆಯ ಕಟ್ಟಿದ ಕೈ ನೋಡಿದ. ದಪ್ಪ ಹುಬ್ಬು ಎರಡೂ ಸೇರಿ ಒಂದಾಯಿತು. ಎದ್ದುಹೋಗಿ, ಮುಚ್ಚಳ ತೆಗೆದು, ಅಗಲವಾದ ಬೆನ್ನನ್ನು ಅಡ್ಡವಿಟ್ಟು ಐದು ನಿಮಿಷ ಏನೇನೋ ತಿರುಗಿಸಿದ. ಮುಚ್ಚಳ ಹಾಕಿ ಕೀಲಿ ಜೇಬಿಗಿಳಿಸಿದ. ಯಂತ್ರ ನಿಘಂಟನ್ನು ಅಚ್ಚುಕಟ್ಟಾಗಿ ಹೊಲಿಯಿತು. ದಾರದಕ್ಕನಿಗೆ ಕಂಡದ್ದು ಅವನ ಅಂಗಿಯ ಬೆನ್ನಿನ ಮೇಲಿನ ಬೆವರು ಮಾತ್ರ.

ಮಧ್ಯಾಹ್ನ ಮತ್ತೆ ದಪ್ಪ ಕಾಗದ, ಈಗ ಹೊಲಿಗೆ ಸಡಿಲ. ಮತ್ತೆ ಫಾರಂ, ಮತ್ತೆ ಮೇಜು, ಮತ್ತೆ ಕ್ಷಮೆ. ಈ ಸಲ ಆಕೆ ಇನ್ನೂ ಮೆಲ್ಲಗೆ, ಇನ್ನೂ ವಿನಯವಾಗಿ ಹೇಳಿದಳು. ಫಿಟ್ಟರ್ ಫಾರಂ ಎತ್ತಿ ಕಸದ ಡಬ್ಬಿಗೆ ಹಾಕಿದ. ಮತ್ತೆ ಬೆನ್ನು, ಮತ್ತೆ ಕೀಲಿ.

ಬುಧವಾರ ಅದೇ ಕಥೆ ನಾಲ್ಕು ಸಲ ಆಯಿತು. ಆಕೆ ಬೆನ್ನಿನ ಎಡಗಡೆಯಿಂದ ಇಣುಕಿದರೆ ಅವನು ಎಡಕ್ಕೆ ಸರಿಯುವನು, ಬಲಗಡೆಯಿಂದ ಇಣುಕಿದರೆ ಬಲಕ್ಕೆ.

“ಹೋಗ್ಲಿ ಬಿಡಕ್ಕ, ಗೋಂದಿನ ಮೇಜಿನ ಪಕ್ಕ ಕಿಟಕಿ ಇದೆ, ಗಾಳಿ ಬರುತ್ತೆ,” ಎಂದಳು ಕಟಿಂಗಿನವಳು.

“ನಿನ್ನ ಬಾಯಿಗೆ ಆ ಗೋಂದು ಹಾಕ್ತೀನಿ ನೋಡು.”

“ಅಲ್ಲ, ಅವನಿಗೆ ಅಷ್ಟುದ್ದ ಹೇಳ್ತಿದ್ದೀಯಲ್ಲ, ಅದೇನು, ಅವನ ಜಾತಕ ಓದ್ತಿದ್ದೀಯಾ?”

“ಕ್ಷಮೆ ಕೇಳ್ತಿದ್ದೀನಿ ಕಣೇ!”

“ಯಾಕೆ? ನೀನೇನು ಅವನ ಕಾಲು ತುಳಿದ್ಯಾ?”

ದಾರದಕ್ಕ ಮುಂದಿನ ಫಾರಂ ಎತ್ತಿಕೊಂಡು ಯಂತ್ರದ ಕಡೆ ತಿರುಗಿದಳು. ಸಂಜೆ ಮನೆಗೆ ಹೋದಾಗ ಅಳಿಯ ಬಾಗಿಲಲ್ಲೇ ಕಾದಿದ್ದ.

“ಅತ್ತೆ, ಏನಂದ?”

“ಏನೂ ಅನ್ನಲಿಲ್ಲಪ್ಪಾ.”

“ಹಾಗಾದ್ರೆ ವಿನಯ ಇನ್ನೂ ಸಾಲದು,” ಎಂದು ಅಳಿಯ ಹಾಳೆಗೆ ಇನ್ನೂ ಮೂರು ಸಾಲು ಸೇರಿಸಿದ. ಆಕೆಗೆ ಮೈ ಪರಚಿಕೊಳ್ಳುವಂತಾಯಿತು. ಮಗಳ ಮುಖ ನೋಡಿ ಮೂರು ಸಾಲನ್ನೂ ಬಾಯಿಪಾಠ ಮಾಡಿದಳು. ತಟ್ಟೆಯ ಮುಂದೆ ಕೂತು, ಎದುರಿನ ನೀರಿನ ಲೋಟಕ್ಕೆ ಅಷ್ಟುದ್ದ ಕ್ಷಮೆ ಕೇಳಿ ಕೇಳಿ, ಕೊನೆಗೆ ನೀರು ಕುಡಿಯುವುದನ್ನೇ ಮರೆತಳು.

ಗುರುವಾರ ಹನ್ನೆರಡೂವರೆಗೆ ಕಟ್ಟೆ ಒಡೆಯಿತು, ಆದರೆ ದಾರದಕ್ಕನದಲ್ಲ, ಫಿಟ್ಟರನದು. ಆಕೆ ಆ ದಿನದ ಮೂರನೆಯ ಕೆಟ್ಟ ಫಾರಂ ಮುಂದಿಟ್ಟು ಹೊಸ ಮೂರು ಸಾಲು ಶುರು ಮಾಡಿದ್ದಳಷ್ಟೇ. ಅವನು ಕೈಲಿದ್ದ ಬಟ್ಟೆಯನ್ನು ನೆಲಕ್ಕೆ ಬಿಸಾಡಿದ. ಜೋರಾಗಿ ಏನೋ ಹೇಳಿದ. ಹಾಲಿನಲ್ಲಿದ್ದ ಎಲ್ಲರ ಕೈಯೂ ನಿಂತಿತು. ಅವನು ಫೋನು ತೆಗೆದು ಯಾರಿಗೋ ಹಚ್ಚಿ, ಉಗ್ರಾಣದ ಬಾಗಿಲು ದೂಡಿಕೊಂಡು ಒಳಗೆ ಹೋದ, ಆಕೆಗೂ ಬಾ ಎಂದು ಕೈ ಮಾಡಿದ. ಕಾಗದದ ರೀಮುಗಳ ನಡುವೆ ಸದ್ದು ಕಡಿಮೆ. ಎರಡು ನಿಮಿಷ ಅವನು ಫೋನಿಗೆ ಹೇಳಿದ್ದೇ ಹೇಳಿದ್ದು. ಆಮೇಲೆ ಫೋನನ್ನು ಆಕೆಯ ಕೈಗೆ ತುರುಕಿದ. ಆ ಕಡೆ ಇದ್ದವಳು ಮೊದಲ ದಿನ ಬಂದಿದ್ದ ದುಭಾಷಿ, ಊಟದ ಬಿಡುವಿನಲ್ಲಿದ್ದಳು.

“ಅಕ್ಕಾ, ನಿಮಗೆ ಆ ಯಂತ್ರದ ಮೇಲೆ ಏನು ಸಿಟ್ಟು?”

“ನನಗಾ? ಸಿಟ್ಟಾ?”

“ಆತ ಹೇಳ್ತಿದ್ದಾರೆ. ಗಂಟೆಗೊಂದು ಸಲ ಹಾಳಾದ ಪುಸ್ತಕ ತಂದು ಮುಂದೆ ಇಡ್ತೀರಂತೆ. ಕೈಕಟ್ಟಿಕೊಂಡು ನಿಲ್ತೀರಂತೆ. ಆಮೇಲೆ ರಾಜರ ಮುಂದೆ ನಿಂತವರ ಹಾಗೆ ಕ್ಷಮೆ ಕೇಳ್ತೀರಂತೆ. ‘ಇಪ್ಪತ್ತಾರು ವರ್ಷ ಯಂತ್ರ ಕೂಡಿಸಿದ್ದೀನಿ, ಯಾರೂ ನನ್ನನ್ನ ಇಷ್ಟು ಚೆನ್ನಾಗಿ ಅಣಕಿಸಿಲ್ಲ’ ಅಂತಿದ್ದಾರೆ.”

ದಾರದಕ್ಕ ರೀಮಿನ ಮೇಲೆ ಕೂತುಬಿಟ್ಟಳು.

“ಅಯ್ಯೋ, ಇಲ್ಲಮ್ಮಾ! ನಾನು ಕೇಳ್ತಿದ್ದೀನಿ! ಹೀಗಾಗಿದೆ, ಏನು ಮಾಡ್ಬೇಕು ಹೇಳಿಕೊಡಿ ಅಂತ!”

“ಹಾಗಂತ ಬಾಯಲ್ಲಿ ಹೇಳಿದ್ರಾ?”

“ಮುಂದೆ ಇಟ್ಟೆನಲ್ಲ! ಇಟ್ಟ ಮೇಲೆ ಬಾಯಲ್ಲಿ ಬೇರೆ ಹೇಳ್ಬೇಕಾ? ಇಲ್ಲಿ ಎಲ್ಲರೂ ಹಾಗೇ ಕೇಳೋದು.”

ದುಭಾಷಿ ನಗು ತಡೆದುಕೊಂಡು ಹೇಳಿದಳು. “ಅಕ್ಕಾ, ಅವರ ಕಡೆ ಕೆಟ್ಟ ಮಾಲು ತಂದು ಮುಂದೆ ಇಟ್ರೆ ದೂರು ಅಂತ ಅರ್ಥ. ದೂರಿನ ಜೊತೆ ಅಷ್ಟುದ್ದದ ವಿನಯ ಸೇರಿದ್ರೆ ಕೊಂಕು. ನೀವು ಮೂರು ದಿನದಿಂದ ಆತನ್ನ ಬಯ್ತಿದ್ದೀರಿ.”

“ಮತ್ತೆ ಹೇಗೆ ಕೇಳ್ಬೇಕು? ಬೇಗ ಹೇಳು ತಾಯಿ.”

“ಬೆಳಿಗ್ಗೆ ಒಳಗೆ ಬಂದ ಕೂಡಲೇ ಆತನ ಮುಖ ನೋಡಿ ಬ್ವೆನೋಸ್ ದಿಯಾಸ್ ಅಂತ ನಮಸ್ಕಾರ ಹೇಳಿದ್ರಾ?”

“ಅದು ಹಾಳೆಯಲ್ಲಿ ಇರಲಿಲ್ಲ.”

“ಅದೇ ಮೊದಲು. ಅದನ್ನ ಹೇಳದೆ ಏನು ಕೇಳಿದ್ರೂ ಒರಟು. ಮಧ್ಯಾಹ್ನವಾದ್ರೆ ಬ್ವೆನಾಸ್ ತಾರ್ದೆಸ್. ಅದಾದ ಮೇಲೆ ನೇರವಾಗಿ ಕೇಳಿ. ಮೆ ಎನ್ಸೆನ್ಯಾ? ನನಗೆ ತೋರಿಸ್ತೀರಾ? ಅಷ್ಟೇ. ಕೊನೆಯಲ್ಲಿ ದನಿ ಮೇಲಕ್ಕೆ ಹೋಗಲಿ, ಇಲ್ಲಾಂದ್ರೆ ಅಪ್ಪಣೆ ಕೊಟ್ಟ ಹಾಗಿರುತ್ತೆ. ಪೋರ್ ಫವೋರ್, ದಯವಿಟ್ಟು ಅನ್ನೋದು ಒಂದು ಸಲ ಸಾಕು. ಯಂತ್ರ ಮುಟ್ಟೋ ಮುಂಚೆ, ಪ್ವೆದೊ? ಮುಟ್ಟಲಾ ಅಂತ. ನೀವು ಮಾಡಿದ್ದು ಸರಿಯಾ ಅಂತ ಕೇಳೋದಕ್ಕೆ, ಅಸೀ? ಹೀಗಾ? ಯಾಕೆ ಅನ್ನೋದಕ್ಕೆ, ಪೋರ್ ಕೆ?”

“ಯಾಕೆ ಅಂತ ಮುಖಕ್ಕೇ ಕೇಳಿದ್ರೆ ಬೇಜಾರಾಗಲ್ವಾ?”

“ಅವರಿಗೆ ಖುಷಿಯಾಗುತ್ತೆ ಅಕ್ಕಾ. ಕೆಲಸದ ಮೇಲೆ ಆಸೆ ಇದೆ ಅಂದ್ಕೊಳ್ತಾರೆ. ಫೋನ್ ಅವರಿಗೆ ಕೊಡಿ, ನಾನು ವಿಷಯ ಹೇಳ್ತೀನಿ. ಬೇಗ, ನನ್ನ ಬಿಡುವು ಮುಗೀತು.”

ಫಿಟ್ಟರ್ ಫೋನನ್ನು ಕಿವಿಗಿಟ್ಟುಕೊಂಡ. ಕೇಳುತ್ತ ಕೇಳುತ್ತ ಹುಬ್ಬು ಮೇಲೇರಿತು. ಆಕೆಯ ಕಡೆ ನೋಡಿದ, ಹಣೆಗೆ ಕೈಹಚ್ಚಿಕೊಂಡ. ನಗಲಿಲ್ಲ, ಮೂರು ದಿನದ ಸಿಟ್ಟು ಒಂದು ಫೋನಿಗೆ ಇಳಿಯುವಂಥದ್ದಲ್ಲ. ಆದರೆ ಉಗ್ರಾಣದ ಬಾಗಿಲನ್ನು ಆಕೆಗಾಗಿ ಹಿಡಿದು ನಿಂತ.

ದಾರದಕ್ಕ ಬೆರಳು ಮಡಚಿ ಎಣಿಸಿದಳು. ಮೂರು ದಿನ! ಅಳಿಯನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಎಷ್ಟು ಹೆಂಗಸರು ತನ್ನ ಮುಂದೆ ಕೆಟ್ಟ ಫಾರಂ ಇಟ್ಟು ನಿಂತಿದ್ದರು. ತಾನು ನೋಡಿದಷ್ಟಕ್ಕೆ ಉತ್ತರ ಹೇಳಿ ಕಳಿಸುತ್ತಿದ್ದಳು. ಅವರಿಗೆ ತಿಳಿಯಬೇಕಾಗಿದ್ದದ್ದು ಅದೇ ಆಗಿತ್ತೋ ಬೇರೆ ಏನಾದರೂ ಆಗಿತ್ತೋ, ಆಕೆಗೆ ಈವರೆಗೆ ಗೊತ್ತಿರಲಿಲ್ಲ.

ಊಟವಾದ ಮೇಲೆ ಆಕೆ ಯಂತ್ರದ ಹತ್ತಿರ ಬರಿಗೈಯಲ್ಲಿ ಹೋದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು.

“ಬ್ವೆನಾಸ್ ತಾರ್ದೆಸ್.”

ಫಿಟ್ಟರ್ ತಲೆಯೆತ್ತಿ, “ಬ್ವೆನಾಸ್ ತಾರ್ದೆಸ್,” ಎಂದ.

ಆಕೆ ಮುಚ್ಚಳದ ಕಡೆ ಬೆರಳು ಮಾಡಿದಳು. ಇಡೀ ಹಾಲು ಕಿವಿ ನಿಮಿರಿಸಿ ಕೂತಿತ್ತು. ಇಷ್ಟು ಬರಿದಾದ ಮಾತನ್ನು ಅಪರಿಚಿತ ಗಂಡಸಿನ ಮುಖಕ್ಕೆ ಹೇಳುವುದೆಂದರೆ ಬಟ್ಟೆ ಸರಿಯಾಗಿ ಉಡದೆ ಬೀದಿಗೆ ಬಂದಂತೆ ಅನಿಸಿತು.

“ಮೆ ಎನ್ಸೆನ್ಯಾ?”

ಅವನು ಜೇಬಿನಿಂದ ಕೀಲಿ ತೆಗೆದು ಆಕೆಯ ಅಂಗೈಯಲ್ಲಿಟ್ಟ.

ಅಲ್ಲಿಂದ ಮುಂದೆ ಸುಲಭವಾಯಿತು ಎಂದು ಹೇಳಿದರೆ ಸುಳ್ಳು. ಕೇಳಲು ಬಂದರೆ ಸಾಲದು, ಉತ್ತರ ತಿಳಿಯಬೇಕಲ್ಲ. ಅವನು ಒಂದು ಪ್ರಶ್ನೆಗೆ ನಲ್ಲಿ ಬಿಟ್ಟ ಹಾಗೆ ಉತ್ತರ ಸುರಿಸುವನು. ಆಕೆ ಅದರಲ್ಲಿ ಒಂದು ಹನಿಯನ್ನೂ ಹಿಡಿಯಲಾರದೆ ತಿರುಪನ್ನು ಹಿಡಿಯುವಳು. “ಪ್ವೆದೊ?” ಅವನು ತಲೆಯಾಡಿಸುವನು. ಅರ್ಧ ಸುತ್ತು. “ಅಸೀ?” “ನೋ, ನೋ, ನೋ.” ಕಾಲು ಸುತ್ತು ಹಿಂದಕ್ಕೆ. “ಅಸೀ?” “ನೋ.” ಒಂದು ತಿರುಪಿಗೆ ಹತ್ತೊಂಬತ್ತು ಸಲ ಅಸೀ ಕೇಳಿದಳೆಂದು ಕಟಿಂಗಿನವಳು ಲೆಕ್ಕ ಇಟ್ಟಿದ್ದಳು. ಸಂಜೆಯ ಹೊತ್ತಿಗೆ ಎರಡೇ ತಿರುಪು ಆಗಿದ್ದವು. ಬೆರಳು ಎಣ್ಣೆ, ತಲೆ ಭಾರ.

ಮನೆಯಲ್ಲಿ ಅಳಿಯ ಕೇಳಿದ, “ಅತ್ತೆ, ಇವತ್ತು ಹೊಸ ಸಾಲು ಕೆಲಸ ಮಾಡ್ತಾ?”

ನಾಲಿಗೆ ತುದಿಗೆ ನಾಲ್ಕು ಮಾತು ಬಂದವು. ನಾಲ್ಕನ್ನೂ ನುಂಗಿ ಆಕೆ ಹೇಳಿದಳು, “ಆ ಸಾಲಿನಿಂದಲೇ ಅವನು ಬಾಯಿ ಬಿಟ್ಟಿದ್ದು.” ಅದು ನಿಜವೇ ಆಗಿತ್ತು. ಅಳಿಯ ಆ ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡ.

ಶುಕ್ರವಾರ ಬೆಳಿಗ್ಗೆ ಆಕೆ ಎಲ್ಲರಿಗಿಂತ ಮುಂಚೆ ಬಂದಳು. ಬ್ವೆನೋಸ್ ದಿಯಾಸ್. ಮೂರನೆಯ ತಿರುಪು, ನಾಲ್ಕನೆಯದು. ಒಮ್ಮೆ ಸೂಜಿ ಮುರಿಯಿತು. ಆಕೆ ಸಿಟ್ಟಿನಲ್ಲಿ, ಯೋಚನೆಯೇ ಮಾಡದೆ, “ಪೋರ್ ಕೆ?” ಎಂದು ಅವನ ಮುಖಕ್ಕೇ ಒದರಿಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಅವನಿಗೆ ಮೊದಲ ಸಲ ನಗು ಬಂತು. ಮುರಿದ ಸೂಜಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ದಾರದ ಗಂಟು ಅದರ ಕಣ್ಣಿನಲ್ಲಿ ಸಿಕ್ಕಿತ್ತು. ದಾರವನ್ನು ಬೆರಳಿನಲ್ಲಿ ಉಜ್ಜಿ ನೋಡಿದ ಆಕೆ ತಲೆಯಾಡಿಸಿ, ಆ ಉಂಡೆಯನ್ನು ತೆಗೆದು ಪಕ್ಕಕ್ಕಿಟ್ಟು, ಕಪಾಟಿನಿಂದ ಬೇರೊಂದು ತಂದು ಅವನ ಕೈಗೆ ಕೊಟ್ಟಳು. ಈಗ ಉಜ್ಜಿ ನೋಡುವ ಸರದಿ ಅವನದು. ಉಜ್ಜಿದ, ಮತ್ತೆ ಉಜ್ಜಿದ, “ಪೋರ್ ಕೆ?” ಎಂದು ಆಕೆಯನ್ನೇ ಕೇಳಿದ. ಆಕೆ ಎರಡೂ ದಾರವನ್ನು ತೆಳು ಕಾಗದದ ಮೇಲೆಳೆದು ತೋರಿಸಿದಳು. ಅವನು ಜೇಬಿನ ಪುಸ್ತಕ ತೆಗೆದು ಅದನ್ನು ಬರೆದುಕೊಂಡ.

ಐದನೆಯ ತಿರುಪು ಮುಗಿದಾಗ ಮೂರೂಮುಕ್ಕಾಲು. ಆರನೆಯದರ ಮೇಲೆ ಆಕೆ ಬೆರಳಿಟ್ಟು “ಮೆ ಎನ್ಸೆನ್ಯಾ?” ಎನ್ನುವಷ್ಟರಲ್ಲಿ ಹೊರಗೆ ಕಾರಿನ ಹಾರನ್ ಕೇಳಿಸಿತು. ಫಿಟ್ಟರ್ ಗಡಿಯಾರ ನೋಡಿದ, ಎರಡೂ ಕೈ ಎತ್ತಿದ. ಅವಸರದಲ್ಲಿ ಏನೋ ಉದ್ದವಾಗಿ ಹೇಳಿದ, ಬೆರಳಿನಲ್ಲಿ ಗಾಳಿಯಲ್ಲಿ ಒಂದು ಸುತ್ತು ಬರೆದ. ಆಕೆಗೆ ತಿಳಿಯಲಿಲ್ಲ. ಅವನು ಹೋದ. ಮಂಗಳವಾರದಿಂದ ನೆಟ್ಟಗೆ ಕೇಳಿದ್ದರೆ ಆರಲ್ಲ, ಅರವತ್ತು ಕಲಿಯಬಹುದಿತ್ತು ಎಂದು ಆಕೆಗೆ ಅಳುವೇ ಬಂತು.

ಮಾಲೀಕರು ಹಾಲಿಗೆ ಬಂದರು. ಆಕೆ ನಿಘಂಟು ಹೊಲಿದು ತೋರಿಸಿದಳು. ಕಾಗದ ಬದಲಿಸಿ ಪಠ್ಯಪುಸ್ತಕ ಹೊಲಿದು ತೋರಿಸಿದಳು. ಅವರು ಪುಸ್ತಕದ ಬೆನ್ನು ಮಡಚಿ ನೋಡಿ, “ಪರವಾಗಿಲ್ವೇ,” ಎಂದು ಕಚೇರಿಯ ಕಡೆ ತಿರುಗಿದರು. ಅದೂ ಒಂದು ಉತ್ತರವೇ. ಇಪ್ಪತ್ತೆಂಟು ವರ್ಷ ಆಕೆ ಅಂಥ ಉತ್ತರಗಳನ್ನು ಮನೆಗೆ ಒಯ್ದು, ರಾತ್ರಿಯೆಲ್ಲ ಅರ್ಥ ಬಿಡಿಸಿದ್ದಳು.

“ಸರ್, ಒಂದು ಮಾತು. ಸೋಮವಾರದಿಂದ ಈ ಯಂತ್ರ ಯಾರ ಕೈಯಲ್ಲಿ?”

ಕಟಿಂಗಿನವಳ ಯಂತ್ರ ತಟ್ಟನೆ ನಿಂತಿತು. ಮಾಲೀಕರು ಕಿವಿ ಕೆರೆದುಕೊಂಡರು. “ನೋಡೋಣ ಅಕ್ಕಾ.”

“ನೋಡೋಣ ಅಂದ್ರೆ ಹೌದು ಅಂತಲಾ, ಇಲ್ಲ ಅಂತಲಾ ಸರ್?”

“ಅಲ್ಲ… ಆ ಆಪರೇಟರಿಗೆ ಬಾ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ.”

“ಯಾವಾಗ ಕೊಟ್ರಿ?”

“ಬುಧವಾರ. ನೀವು ಆಗ ಬರೀ ನಿಂತಿದ್ರಿ.”

ಅದು ಸುಳ್ಳಲ್ಲ. ದಾರದಕ್ಕ ಒಂದು ಉಸಿರು ಎಳೆದುಕೊಂಡಳು. “ಐದು ತಿರುಪು ನನಗೆ ಗೊತ್ತು ಸರ್. ಆರನೇದು ಗೊತ್ತಿಲ್ಲ. ಆ ದುಭಾಷಿ ಹುಡುಗಿಯ ನಂಬರ್ ಕೊಡಿ, ಕೇಳಿ ತಿಳ್ಕೊಳ್ತೀನಿ. ಆಪರೇಟರ್ ಬರಲಿ, ಕೆಲಸ ಹೆಚ್ಚಿದೆ. ಆದ್ರೆ ಅವರು ಯಾರ ಮಾತು ಕೇಳಿ ಕೆಲಸ ಮಾಡ್ಬೇಕು? ಅದನ್ನ ಇವತ್ತೇ ಹೇಳಿ.”

ಮಾಲೀಕರು ಯಂತ್ರವನ್ನು ನೋಡಿದರು, ಹೊಲಿದ ಎರಡು ಪುಸ್ತಕವನ್ನು ನೋಡಿದರು, ಬಾಯಿ ತೆರೆದು ನಿಂತಿದ್ದ ಇಡೀ ಹಾಲನ್ನು ನೋಡಿದರು.

“ನಿಮ್ಮ ಮಾತು,” ಎಂದರು.

“ಹಾಗಾದ್ರೆ ಅವರಿಗೆ ಈಗಲೇ ಒಂದು ಫೋನ್ ಮಾಡಿ ಹೇಳಿಬಿಡ್ತೀರಾ ಸರ್? ಸೋಮವಾರ ಬಂದ ಮೇಲೆ ನನ್ನ ಬಾಯಿಂದ ಕೇಳಿದ್ರೆ ಅವರಿಗೂ ಮುಜುಗರ.”

ಮಾಲೀಕರು ನಿಟ್ಟುಸಿರು ಬಿಟ್ಟು ಫೋನು ತೆಗೆದರು. ಆ ಕಡೆ ಎತ್ತುವ ತನಕ ಆಕೆ ಅಲ್ಲಿಂದ ಕದಲಲಿಲ್ಲ.